ಮಾತೀಸ್‌ನ ಹಾಸಿಗೆ

ಹೋದ ವರ್ಷ ಹೊಟ್ಟೆಯ ಆಪರೇಷನ್ ಆಗಿ ಆರು ವಾರ ಮನೆಯಲ್ಲಿ ಮಲಗಿದ್ದೆ. ಪದವಿ ತರಗತಿಗಳಿಗೆ ಇತಿಹಾಸ ಪಾಠ ಮಾಡುವ ನನಗೆ ಕಾಲವೆಂದರೆ ಶತಮಾನಗಳ ಲೆಕ್ಕ. ಆ ಆರು ವಾರ ಮಾತ್ರ ಅದು ಗಂಜಿ ಬರುವ ಹೊತ್ತು, ಮಾತ್ರೆ ನುಂಗುವ ಹೊತ್ತು, ಕಿಟಕಿಯ ಬಿಸಿಲು ಹಾಸಿಗೆಯ ತುದಿ ಮುಟ್ಟುವ ಹೊತ್ತು ಎಂದು ಚೂರುಚೂರಾಗಿಬಿಟ್ಟಿತು. ನೋಡಿಕೊಳ್ಳಲು ಊರಿನಿಂದ ಅಕ್ಕ ಬಂದಿದ್ದಳು. ನೋಡಲು ಬಂದವರೆಲ್ಲ ‘ಚೆನ್ನಾಗಿ ರೆಸ್ಟ್ ತಗೊಳ್ಳಿ’ ಎಂದು ಹೇಳಿ, ಅಕ್ಕ ಮಾಡಿದ ಕಾಫಿ ಕುಡಿದು ಹೋಗುತ್ತಿದ್ದರು.

ಹಾಗೆ ಬಂದ ಗೆಳೆಯರೊಬ್ಬರು ಹೊತ್ತು ಹೋಗಲಿ ಎಂದು ಫ್ರೆಂಚ್ ಚಿತ್ರಕಾರ ಹೆನ್ರಿ ಮಾತೀಸ್‌ನ ಚಿತ್ರಗಳ ದೊಡ್ಡ ಪುಸ್ತಕವೊಂದನ್ನು ಬಿಟ್ಟುಹೋದರು. ಎದೆಯ ಮೇಲಿಟ್ಟುಕೊಂಡು ನೋಡಲಾಗದಷ್ಟು ಭಾರ. ದಿಂಬಿಗೆ ಒರಗಿಸಿ ಪುಟ ತಿರುವುತ್ತಿದ್ದೆ. ಕೊನೆಯ ಪುಟಗಳಲ್ಲೊಂದು ಕಪ್ಪುಬಿಳುಪು ಫೋಟೊ ಇತ್ತು. ಬಿಳಿ ಗಡ್ಡದ ಮುದುಕ ಗಾಲಿಕುರ್ಚಿಯಲ್ಲಿ ಕೂತು ದೊಡ್ಡದೊಂದು ಕತ್ತರಿ ಹಿಡಿದು ಕಾಗದ ಕತ್ತರಿಸುತ್ತಿದ್ದಾನೆ. ಕಾಲ ಬಳಿ ನೆಲದ ತುಂಬ ಚೂರುಗಳು. ದರ್ಜಿಯ ಅಂಗಡಿಯಲ್ಲಿ ಸಂಜೆಯ ಹೊತ್ತಿಗೆ ಬಿದ್ದಿರುತ್ತವಲ್ಲ, ಹಾಗೆ.

ಕಲಾ ಇತಿಹಾಸದ ಪುಸ್ತಕಗಳು ಈ ಚಿತ್ರದ ಹಿಂದಿನ ಕಥೆಯನ್ನು ಎರಡು ಸಾಲಿನಲ್ಲಿ ಮುಗಿಸುತ್ತವೆ. 1941ರಲ್ಲಿ ಕಾಯಿಲೆ ಬಿತ್ತು, ನಿಂತು ಚಿತ್ರ ಬರೆಯಲಾಗಲಿಲ್ಲ, ಹಾಗಾಗಿ ಕಾಗದ ಕತ್ತರಿಸಿದ, ಹೊಸ ಕಲೆ ಹುಟ್ಟಿತು. ತರಗತಿಯಲ್ಲಿ ನಾನೂ ಹೀಗೆಯೇ ಹೇಳಿದ್ದುಂಟು. ಹಾಸಿಗೆಯಲ್ಲಿದ್ದಾಗ ಮಾತ್ರ ಆ ‘ಹಾಗಾಗಿ’ ಎಂಬ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಮಲಗಿರುವವನು ತಾನಾಗಿಯೇ ಏನನ್ನೂ ಮಾಡಲಾರ ಎಂಬುದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ನೀರಿನ ಲೋಟವನ್ನೂ ಯಾರಾದರೂ ಕೈಗೆ ಕೊಡಬೇಕು. ಹಾಗಾದರೆ ಈ ಮುದುಕನಿಗೆ ಕಾಗದ ಕೊಟ್ಟವರು ಯಾರು? ಅದಕ್ಕೆ ಬಣ್ಣ ಹಚ್ಚಿದವರು ಯಾರು? ಗುಣವಾದ ಮೇಲೂ ಒಂದಷ್ಟು ತಿಂಗಳು ಇದನ್ನೇ ಓದಿದೆ.

ಮಾತೀಸ್ ಚಿತ್ರಕಾರನಾದದ್ದೂ ಒಂದು ಹಾಸಿಗೆಯಿಂದಲೇ. 1869ರ ಡಿಸೆಂಬರ್ 31ರಂದು ಉತ್ತರ ಫ್ರಾನ್ಸಿನಲ್ಲಿ ಹುಟ್ಟಿದ ಅವನು ಬೆಳೆದದ್ದು ಬೊಹೆಯ್ನ್ ಎಂಬ ನೇಕಾರರ ಊರಿನಲ್ಲಿ. ಅಪ್ಪನದು ಬೀಜ, ಧಾನ್ಯದ ವ್ಯಾಪಾರ. ಅಂಗಡಿಯಲ್ಲಿ ಮನೆಗೆ ಹಚ್ಚುವ ಬಣ್ಣಗಳ ವಿಭಾಗ ಅಮ್ಮನ ಕೈಯಲ್ಲಿತ್ತು. ಮಗ ಕಾನೂನು ಓದಿ ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಇಪ್ಪತ್ತರ ಹರೆಯದಲ್ಲಿ ಅಪೆಂಡಿಸೈಟಿಸ್ ಆಗಿ ತಿಂಗಳುಗಟ್ಟಲೆ ಮನೆಯಲ್ಲಿ ಮಲಗಬೇಕಾಯಿತು. ಬೇಸರ ಕಳೆಯಲಿ ಎಂದು ಅಮ್ಮ ಒಂದು ಬಣ್ಣದ ಪೆಟ್ಟಿಗೆ ತಂದುಕೊಟ್ಟಳು. ಅಲ್ಲಿಗೆ ಗುಮಾಸ್ತಿಕೆ ಮುಗಿಯಿತು. ಅಂದರೆ ಈ ಕಥೆಯ ಮೊದಲ ಅಧ್ಯಾಯದಲ್ಲೇ ರೋಗಿಯ ಪಕ್ಕದಲ್ಲಿ ಇನ್ನೊಬ್ಬರ ಕೈ ಇದೆ.

ಎರಡನೆಯ ಹಾಸಿಗೆ ಬರುವಷ್ಟರಲ್ಲಿ ಅರ್ಧ ಶತಮಾನ ಕಳೆದಿತ್ತು. ಮಾತೀಸ್ ಜಗತ್ಪ್ರಸಿದ್ಧನಾಗಿದ್ದ, ದಕ್ಷಿಣದ ಕಡಲತೀರದ ನೀಸ್ ನಗರದಲ್ಲಿ ನೆಲೆಸಿದ್ದ. 1940ರಲ್ಲಿ ಫ್ರಾನ್ಸ್ ಜರ್ಮನಿಗೆ ಸೋತಿತು. 1941ರ ಜನವರಿಯಲ್ಲಿ, ಕರುಳಿನ ಕ್ಯಾನ್ಸರಿಗಾಗಿ ಮಗಳು ಮಾರ್ಗರೀತ್ ಅವನನ್ನು ಲಿಯೋನ್ ನಗರಕ್ಕೆ ಕರೆದೊಯ್ದಳು. ಆಪರೇಷನ್ ಆಯಿತು. ಅದರ ಬೆನ್ನಿಗೇ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತು. ಬದುಕುವುದಿಲ್ಲ ಎಂದುಕೊಂಡಿದ್ದವನು ಬದುಕಿದ. ಶುಶ್ರೂಷೆ ಮಾಡುತ್ತಿದ್ದ ಕ್ರೈಸ್ತ ಸನ್ಯಾಸಿನಿಯರು ಅವನಿಗೆ ‘ಸತ್ತು ಎದ್ದವನು’ ಎಂದು ಹೆಸರಿಟ್ಟರು. ಕೈಗೆತ್ತಿಕೊಂಡ ಕೆಲಸ ಮುಗಿಸಲು ಮೂರು ನಾಲ್ಕು ವರ್ಷ ಸಿಕ್ಕರೆ ಸಾಕು ಎಂದು ಅವನು ವೈದ್ಯರನ್ನು ಕೇಳಿಕೊಂಡಿದ್ದ. ಸಿಕ್ಕದ್ದು ಹೆಚ್ಚುಕಡಿಮೆ ಹದಿನಾಲ್ಕು ವರ್ಷ. ಅದನ್ನು ಅವನು ತನ್ನ ‘ಎರಡನೆಯ ಬದುಕು’ ಎಂದು ಕರೆದುಕೊಂಡ.

ಆ ವರ್ಷದ ಮೇ ತಿಂಗಳಲ್ಲಿ ನೀಸ್‌ಗೆ ಮರಳಿದ. ಮನೆ ಇದ್ದದ್ದು ಸಿಮಿಯೇ ಗುಡ್ಡದ ರೆಜಿನಾ ಎಂಬ ಭಾರಿ ಕಟ್ಟಡದಲ್ಲಿ. ಒಂದು ಕಾಲಕ್ಕೆ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ಚಳಿಗಾಲ ಕಳೆಯಲು ಬಂದು ಇಳಿದುಕೊಂಡಿದ್ದ ಹೋಟೆಲು ಅದು. ಹೊಟ್ಟೆಯ ಸ್ನಾಯುಗಳು ಶಕ್ತಿ ಕಳೆದುಕೊಂಡಿದ್ದರಿಂದ ಹೆಚ್ಚು ಹೊತ್ತು ನಿಲ್ಲುವಂತಿರಲಿಲ್ಲ, ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳಬೇಕಿತ್ತು. ದಿನದ ಬಹುಭಾಗ ಮಂಚದ ಮೇಲೆ. ಅಡ್ಡಲಾಗಿ ಒಂದು ಹಲಗೆ, ಅದರ ಮೇಲೆ ಕಾಗದ, ಪೆನ್ನು, ಇದ್ದಿಲು. ಕಾಲ ಬಳಿ ಬೆಕ್ಕು. ಬೆಕ್ಕುಗಳಿಗೆ ಮಿನೂಷ್, ಕೂಸಿ, ಲ ಪ್ಯೂಸ್ ಎಂದು ಹೆಸರು. ಹಗಲು ರೇಖಾಚಿತ್ರ, ರಾತ್ರಿ ನಿದ್ದೆಯಿಲ್ಲ. ನಿದ್ದೆ ಬಾರದಾಗ ಓದು ಅಥವಾ ಪತ್ರ. ಗುಸ್ತಾವ್ ಮೊರೊ ಎಂಬ ಗುರುವಿನ ಬಳಿ ಜೊತೆಗೆ ಕಲಿತಿದ್ದ ಹಳೆಯ ಗೆಳೆಯ ಆಂದ್ರೆ ರುವೇರ್‌ನಿಗೆ ಈ ಮಂಚದಿಂದ ಹೋದ ಪತ್ರಗಳು ನೂರಾರು. ಕೆಲವು ಲಕೋಟೆಗಳ ಮೇಲೆ ವಿಳಾಸದ ಸುತ್ತ ಬಣ್ಣದ ಹೂಬಳ್ಳಿ.

ಆ ರಾತ್ರಿಗಳಲ್ಲಿ ಅವನು ಓದುತ್ತಿದ್ದ ಕವಿಗಳಲ್ಲಿ ಒಬ್ಬ, 15ನೆಯ ಶತಮಾನದ ಶಾರ್ಲ್ ದೋರ್ಲಿಯಾನ್. ಯುದ್ಧದಲ್ಲಿ ಸೆರೆಸಿಕ್ಕಿ 25 ವರ್ಷ ಇಂಗ್ಲೆಂಡಿನಲ್ಲಿ ಬಂದಿಯಾಗಿದ್ದ ರಾಜವಂಶದವನು. ಅವನ ಪದ್ಯಗಳನ್ನು ಮಾತೀಸ್ ತನ್ನ ಕೈಬರಹದಲ್ಲೇ ಪ್ರತಿಮಾಡಿ, ಅಂಚಿಗೆ ಚಿತ್ತಾರ ಬಿಡಿಸುತ್ತ ಹೋದ. 1950ರಲ್ಲಿ ಅದು ಪುಸ್ತಕವಾಯಿತು. ಸೆರೆಯಲ್ಲಿದ್ದವನ ಪದ್ಯವನ್ನು ಮಂಚದಲ್ಲಿದ್ದವನು ನಕಲು ಮಾಡುವುದು ನನಗೆ ಅರ್ಥವಾಗುತ್ತದೆ. ನಾನೂ ಆ ದಿನಗಳಲ್ಲಿ ಬೇರೇನೂ ಮಾಡಲಾಗದೆ, ಹಳೆಯ ಪಾಠದ ಟಿಪ್ಪಣಿಗಳನ್ನು ಸುಮ್ಮನೆ ಮತ್ತೊಮ್ಮೆ ದುಂಡಗೆ ಬರೆಯುತ್ತಿದ್ದೆ.

ಈಗ ಮಂಚದ ಸುತ್ತ ಇದ್ದವರನ್ನು ನೋಡೋಣ. ಮೊದಲನೆಯವಳು ಲಿಡಿಯಾ ಡೆಲೆಕ್ಟೋರ್ಸ್ಕಾಯಾ. ಸೈಬೀರಿಯಾದ ತೋಮ್ಸ್ಕ್ ನಗರದಲ್ಲಿ 1910ರಲ್ಲಿ ಹುಟ್ಟಿದವಳು. ತಂದೆತಾಯಿ ಸತ್ತು, ದೇಶ ಬಿಟ್ಟು ನೀಸ್‌ಗೆ ಬಂದಾಗ ಕೈಯಲ್ಲಿ ಕಾಸಿರಲಿಲ್ಲ. 1932ರಲ್ಲಿ ಮಾತೀಸ್‌ನ ಸ್ಟುಡಿಯೊದಲ್ಲಿ ಕೆಲಸಕ್ಕೆ ಸೇರಿದಳು. ಮುಂದೆ ಅವಳನ್ನು ಮನೆಯಲ್ಲಿಟ್ಟುಕೊಂಡದ್ದು ಮಾತೀಸ್‌ನ ಆರೈಕೆಗಲ್ಲ, ಅವನ ಹೆಂಡತಿ ಅಮೆಲಿಯ ಆರೈಕೆಗೆ. ಹೌದು, ಆ ಮನೆಯಲ್ಲಿ ಅದಕ್ಕೂ ಮೊದಲೇ ಇನ್ನೊಂದು ಹಾಸಿಗೆ ಇತ್ತು. ಗಂಡನಿಗೆ ಸಂಪಾದನೆಯಿಲ್ಲದ ಕಾಲದಲ್ಲಿ ಟೋಪಿಯ ಅಂಗಡಿ ನಡೆಸಿ ಸಂಸಾರ ತೂಗಿಸಿದ್ದ ಅಮೆಲಿ, 1930ರ ದಶಕದಲ್ಲಿ ಬಹುಪಾಲು ಹಾಸಿಗೆ ಹಿಡಿದೇ ಇದ್ದಳು. ಲಿಡಿಯಾ ಬರುಬರುತ್ತ ಮಾತೀಸ್‌ನ ಮಾಡೆಲ್ ಆದಳು, ಕಾರ್ಯದರ್ಶಿಯಾದಳು, ಸ್ಟುಡಿಯೊವನ್ನೇ ನಡೆಸುವವಳಾದಳು. 1939ರಲ್ಲಿ ಅಮೆಲಿ ಗಂಡನಿಂದ ಬೇರೆಯಾದಳು. ಅಚ್ಚರಿಯೆಂದರೆ, ಬೇರೆಯಾದ ಮೇಲೆ ಅವಳು ಹಾಸಿಗೆ ಬಿಟ್ಟು ಎದ್ದಳು. ನಾಜಿಗಳ ವಿರುದ್ಧದ ಗುಪ್ತ ಹೋರಾಟಕ್ಕೆ ಸೇರಿ ವರದಿಗಳನ್ನು ಟೈಪ್ ಮಾಡಿಕೊಡುತ್ತಿದ್ದಳು. ಅವಳ ಚೇತರಿಕೆಯ ಬಗ್ಗೆ ಯಾವ ಮ್ಯೂಸಿಯಂನಲ್ಲೂ ಒಂದು ಗೋಡೆ ಇದ್ದಂತಿಲ್ಲ.

ಎರಡನೆಯವಳು ಮೋನಿಕ್ ಬೂರ್ಜ್ವಾ, ನರ್ಸಿಂಗ್ ಓದುತ್ತಿದ್ದ ಹುಡುಗಿ. 1942ರಲ್ಲಿ ರಾತ್ರಿಪಾಳಿಯ ಶುಶ್ರೂಷೆಗೆ ಬಂದಳು. ನಿದ್ದೆ ಬಾರದ ಮುದುಕನ ಪಕ್ಕ ಕೂರುವುದು, ಓದಿಹೇಳುವುದು, ದಿಂಬು ಸರಿಮಾಡುವುದು ಅವಳ ಕೆಲಸ. ಅವನು ಅವಳ ಚಿತ್ರ ಬರೆದ, ಅವಳಿಗೂ ಚಿತ್ರಕಲೆ ಕಲಿಸಿದ. ಮುಂದೆ ಅವಳು ಸನ್ಯಾಸ ಸ್ವೀಕರಿಸಿ ಸಿಸ್ಟರ್ ಜಾಕ್-ಮರೀ ಆದಳು. ವಾನ್ಸ್ ಎಂಬ ಊರಿನಲ್ಲಿ ತನ್ನ ಮಠದವರು ಕಟ್ಟಬೇಕೆಂದಿದ್ದ ಪುಟ್ಟ ಪ್ರಾರ್ಥನಾಮಂದಿರದ ಬಗ್ಗೆ ಹಳೆಯ ರೋಗಿಯ ಸಲಹೆ ಕೇಳಿದಳು. ಅದು ಮಾತೀಸ್‌ನ ನಾಲ್ಕು ವರ್ಷದ ಕೆಲಸವಾಯಿತು. ಕಿಟಕಿಯ ಬಣ್ಣದ ಗಾಜುಗಳ ವಿನ್ಯಾಸವನ್ನು ಕಾಗದ ಕತ್ತರಿಸಿ ಮಾಡಿದ. ಗೋಡೆಯ ಚಿತ್ರಗಳಿಗೆ ಉದ್ದನೆಯ ಬಿದಿರುಕೋಲಿನ ತುದಿಗೆ ಇದ್ದಿಲು ಕಟ್ಟಿಕೊಂಡು ಅಭ್ಯಾಸ ಮಾಡಿದ. 1951ರ ಜೂನ್ 25ರಂದು ಮಂದಿರದ ಪ್ರತಿಷ್ಠೆಯಾದಾಗ ಆರೋಗ್ಯ ಕೆಟ್ಟು ಅವನಿಗೆ ಹೋಗಲಾಗಲಿಲ್ಲ.

ಇನ್ನು ಕತ್ತರಿಯ ಕೆಲಸ. ಸಹಾಯಕಿಯರು ಬಿಳಿ ಕಾಗದದ ಹಾಳೆಗಳಿಗೆ ಗ್ವಾಷ್ ಎಂಬ ದಪ್ಪನೆಯ ನೀರುಬಣ್ಣ ಬಳಿದು ಒಣಗಿಸಿಡುತ್ತಿದ್ದರು. ಮಾತೀಸ್ ಹಾಸಿಗೆಯಲ್ಲೋ ಕುರ್ಚಿಯಲ್ಲೋ ಕೂತು, ಮೊದಲು ಗೆರೆ ಎಳೆದುಕೊಳ್ಳದೆ, ನೇರವಾಗಿ ಬಣ್ಣವನ್ನೇ ಕತ್ತರಿಸುತ್ತಿದ್ದ. ಶಿಲ್ಪಿ ಕಲ್ಲನ್ನು ಕಡೆದ ಹಾಗೆ ಎಂಬುದು ಅವನದೇ ಹೋಲಿಕೆ. ಕತ್ತರಿಸಿದ ಎಲೆ, ಹಕ್ಕಿ, ಮೈಗಳನ್ನು ಸಹಾಯಕಿ ಏಣಿ ಹತ್ತಿ ಗೋಡೆಗೆ ಗುಂಡುಸೂಜಿಯಿಂದ ಚುಚ್ಚಬೇಕು. ಅವನು ಹಾಸಿಗೆಯಿಂದ ‘ಇನ್ನೊಂದು ಚೂರು ಮೇಲೆ, ಸ್ವಲ್ಪ ಎಡಕ್ಕೆ’ ಎನ್ನುತ್ತಿದ್ದ. ಅವಳು ತೆಗೆದು ಮತ್ತೆ ಚುಚ್ಚಬೇಕು. ಹೀಗೆ ವಾರಗಟ್ಟಲೆ. 1952ರ ಬೇಸಿಗೆಯಲ್ಲಿ ಈಜುವವರನ್ನು ನೋಡಬೇಕೆನಿಸಿ ಒಂದು ಈಜುಕೊಳಕ್ಕೆ ಹೋದವನು ಬಿಸಿಲು ತಾಳಲಾಗದೆ ವಾಪಸು ಬಂದ. ನನ್ನ ಕೊಳವನ್ನು ನಾನೇ ಮಾಡಿಕೊಳ್ಳುತ್ತೇನೆ ಎಂದು ಊಟದ ಕೋಣೆಯ ಗೋಡೆಗಳ ಸುತ್ತ ಬಿಳಿ ಕಾಗದದ ಪಟ್ಟಿ ಅಂಟಿಸಲು ಹೇಳಿ, ಅದರ ಮೇಲೆ ನೀಲಿ ಮೈಗಳನ್ನು ಈಜಾಡಿಸಿದ. ‘ಈಜುಕೊಳ’ ಎಂಬ ಆ ಕೃತಿ ಈಗ ನ್ಯೂಯಾರ್ಕಿನಲ್ಲಿದೆ.

ಈ ಬಣ್ಣಗಳ ನಡುವೆ ನನ್ನನ್ನು ಬಹಳ ಕಾಲ ಕಾಡಿದ್ದು 1944. ಸಿಮಿಯೇಗೆ ವಿಮಾನದಾಳಿಯ ಭಯ ಬಂದಾಗ, ಹಿಂದಿನ ವರ್ಷವೇ ಮಾತೀಸ್‌ನ ಮನೆ ವಾನ್ಸ್ ಊರಿಗೆ ಸ್ಥಳಾಂತರವಾಗಿತ್ತು. ಆ ಮನೆಯ ಹೆಸರು ‘ಲ ರೇವ್’, ಎಂದರೆ ಕನಸು. ಅಲ್ಲಿ ‘ಜಾಝ್’ ಎಂಬ ಪುಸ್ತಕಕ್ಕಾಗಿ ಕಾಗದ ಕತ್ತರಿಸುತ್ತಿದ್ದ. ಸರ್ಕಸ್, ಕುದುರೆ, ಕತ್ತಿ ಎಸೆಯುವವನು, ಉರಿಯುವಂಥ ಬಣ್ಣಗಳು. ಆ ವರ್ಷದ ವಸಂತದಲ್ಲಿ ಅಮೆಲಿಯನ್ನೂ ಮಗಳು ಮಾರ್ಗರೀತಳನ್ನೂ ಗೆಸ್ಟಾಪೊ ಬಂಧಿಸಿತು. ಅಮೆಲಿ ಆರು ತಿಂಗಳು ಜೈಲಿನಲ್ಲಿದ್ದಳು. ಮಾರ್ಗರೀತಳಿಗೆ ಚಿತ್ರಹಿಂಸೆ ಕೊಟ್ಟು, ಜರ್ಮನಿಯ ರಾವೆನ್ಸ್‌ಬ್ರುಕ್ ಶಿಬಿರಕ್ಕೆ ಹೋಗುವ ರೈಲಿಗೆ ಹತ್ತಿಸಿದರು. ದಾರಿಯಲ್ಲಿ ರೈಲು ನಿಂತಾಗ ಅವಳು ಹೇಗೋ ಉಳಿದುಕೊಂಡಳು. ತಂದೆಗೆ ಇದೆಲ್ಲ ಪೂರ್ತಿ ತಿಳಿದದ್ದು 1945ರ ಆರಂಭದಲ್ಲಿ, ಅವಳೇ ವಾನ್ಸ್‌ಗೆ ಬಂದು ಹೇಳಿದಾಗ. ನಾಲ್ಕು ವರ್ಷದ ಹಿಂದೆ ಅವನನ್ನು ಆಪರೇಷನ್ನಿಗೆ ಕರೆದೊಯ್ದಿದ್ದ ಮಗಳು.

ದೇಶ ಹೊತ್ತಿ ಉರಿಯುವಾಗ ಇವನು ಸರ್ಕಸ್ಸಿನ ಚಿತ್ರ ಮಾಡುತ್ತ ಕೂತಿದ್ದನೇ ಎಂದು ಕೇಳುವುದು ಸುಲಭ. ತರಗತಿಯಲ್ಲಿ ಹುಡುಗರು ಕೇಳಿದ್ದಾರೆ. ನಾನು ಅವರಿಗೆ ‘ಜಾಝ್’ನ ಇಕಾರಸ್ ಚಿತ್ರ ತೋರಿಸುತ್ತೇನೆ. ನೀಲಿಯ ಮೇಲೆ ಬೀಳುತ್ತಿರುವ ಕಪ್ಪು ಮೈ, ಹೃದಯದ ಜಾಗದಲ್ಲಿ ಒಂದು ಕೆಂಪು ಬೊಟ್ಟು, ಸುತ್ತ ಹಳದಿ ಚೂರುಗಳು. ನಕ್ಷತ್ರಗಳೆಂದರೂ ಸರಿ, ಸಿಡಿಯುವ ಗುಂಡುಗಳೆಂದರೂ ಸರಿ. ಆದರೆ ಒಂದು ಚಿತ್ರ ತೋರಿಸಿ ಅವನನ್ನು ಪಾರುಮಾಡಬೇಕೆಂಬ ಆಸೆ ನನಗಿಲ್ಲ. ಎದ್ದು ನಿಲ್ಲಲಾರದ 74ರ ಮುದುಕ ಅಂದು ಮಾಡಬಹುದಾಗಿದ್ದದ್ದು ಅಷ್ಟೆ. ಅವನು ಅದನ್ನು ಬಿಡದೆ ಮಾಡಿದ. ಅದೇ ಹೊತ್ತಿಗೆ ಅವನ ಮನೆಯ ಹೆಂಗಸರು ತಮ್ಮ ಕೈಲಾದದ್ದನ್ನು ಮಾಡಿ ಜೈಲಿಗೆ ಹೋದರು. ಎರಡನ್ನೂ ಒಂದೇ ಪುಟದಲ್ಲಿ ಬರೆಯುವುದು ಇತಿಹಾಸ ಬರೆಯುವವರ ಕೆಲಸ. ನಾವು ಸಾಮಾನ್ಯವಾಗಿ ಒಂದನ್ನು ಮಾತ್ರ ಬರೆಯುತ್ತೇವೆ.

‘ಜಾಝ್’ 1947ರಲ್ಲಿ ಹೊರಬಂತು. ಮಾತೀಸ್ 1949ರಲ್ಲಿ ರೆಜಿನಾಗೆ ಮರಳಿ, 1954ರ ನವೆಂಬರ್ 3ರಂದು ಅಲ್ಲೇ ತೀರಿಕೊಂಡ. ಹಿಂದಿನ ದಿನ ಲಿಡಿಯಾ ತಲೆಸ್ನಾನ ಮಾಡಿ, ಟವೆಲನ್ನು ತಲೆಗೆ ಸುತ್ತಿಕೊಂಡು ಹಾಸಿಗೆಯ ಬಳಿ ಬಂದಳಂತೆ. ಅವನು ಬಾಲ್‌ಪೆನ್ ಕೇಳಿ ಪಡೆದು ಅವಳ ಮುಖ ಬರೆದ. ಅವನು ತೀರಿಕೊಂಡೊಡನೆ ಲಿಡಿಯಾ, ವರ್ಷಗಳಿಂದ ಸಿದ್ಧವಾಗಿಟ್ಟುಕೊಂಡಿದ್ದ ತನ್ನ ಸೂಟ್‌ಕೇಸ್ ಎತ್ತಿಕೊಂಡು ಮನೆಬಿಟ್ಟು ಹೊರಟಳು. ಅವಳು ಆ ಕುಟುಂಬದವಳಲ್ಲವಲ್ಲ. ಅವನು ಉಡುಗೊರೆಯಾಗಿ ಕೊಟ್ಟಿದ್ದ ಚಿತ್ರಗಳನ್ನು ಮುಂದೆ ತನ್ನ ತಾಯ್ನಾಡಿನ ಮ್ಯೂಸಿಯಂಗಳಿಗೆ ಕೊಟ್ಟಳು. 1986ರಲ್ಲಿ, ಮಾತೀಸ್ ಒಂದೊಂದು ಚಿತ್ರವನ್ನು ಹೇಗೆ ಅಳಿಸಿ ತಿದ್ದಿ ಬರೆದ ಎಂಬುದರ ಬಗ್ಗೆ ಪುಸ್ತಕ ಪ್ರಕಟಿಸಿದಳು. ‘ಸುಲಭದಂತೆ ಕಾಣುವುದು’ ಎಂಬರ್ಥದ ಹೆಸರು ಅದಕ್ಕೆ.

ಆರನೆಯ ವಾರ ನಾನು ಎದ್ದು ಓಡಾಡುವಂತಾದ ಮೇಲೆ ಅಕ್ಕ ಊರಿಗೆ ಹೊರಟಳು. ಅವಳ ಬ್ಯಾಗು ಬಾಗಿಲ ಬಳಿ ಇತ್ತು. ಮನೆಯಲ್ಲಿ ಅವಳ ಹಸು, ಅವಳ ಮೊಮ್ಮಗಳು, ಅವಳ ಮಂಡಿನೋವು ಎಲ್ಲ ಕಾದಿದ್ದವು. ಆಪರೇಷನ್ ದಿನದಿಂದ ಒಮ್ಮೆಯೂ ‘ನಿನ್ನ ಮಂಡಿ ಹೇಗಿದೆ’ ಎಂದು ನಾನು ಕೇಳಿರಲಿಲ್ಲ. ಆಗ ಕೇಳಿದೆ. ‘ಈಗ ನೆನಪಾಯ್ತೇನೋ?’ ಎಂದು ನಕ್ಕು, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಅಡುಗೆಮನೆಯಲ್ಲಿ ಮೂರು ದಿನಕ್ಕಾಗುವಷ್ಟು ಸಾರಿನಪುಡಿ ಡಬ್ಬಿಯಲ್ಲಿತ್ತು. ಮಾತ್ರೆಗಳ ಹೊತ್ತನ್ನು ಬರೆದ ಚೀಟಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ ಹೋಗಿದ್ದಳು.