ಸಂಚಾರಿ ನರ್ಸ್‌ಗಳ ವ್ಯಾನ್ ವಾಸ

ಸಂಚಾರಿ ನರ್ಸ್‌ಗಳ ವ್ಯಾನ್ ವಾಸ ಎಂಬುದು ಅಲ್ಪಾವಧಿಯ ಗುತ್ತಿಗೆಯ ಮೇಲೆ ಊರಿಂದೂರಿಗೆ ತೆರಳಿ ಕೆಲಸ ಮಾಡುವ ನರ್ಸ್‌ಗಳು (ಟ್ರಾವೆಲ್ ನರ್ಸ್) ಬಾಡಿಗೆ ಮನೆಯ ಬದಲು ವಸತಿಗೆ ತಕ್ಕಂತೆ ಮಾರ್ಪಡಿಸಿದ ವ್ಯಾನಿನಲ್ಲಿ ವಾಸಿಸುವ ಕ್ರಮವಾಗಿದೆ. ಇದು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಂಡುಬರುತ್ತದೆ. ವಸತಿ ವೆಚ್ಚದ ಉಳಿತಾಯ ಮತ್ತು ಪ್ರತಿ ಗುತ್ತಿಗೆಗೂ ಹೊಸ ಮನೆ ಹುಡುಕುವ ತೊಂದರೆಯಿಂದ ಬಿಡುಗಡೆ ಇದರ ಪ್ರಮುಖ ಆಕರ್ಷಣೆಗಳು. ತೆರಿಗೆ, ಪರವಾನಗಿ, ವಾಹನ ನಿಲುಗಡೆ ಮತ್ತು ನಿದ್ರೆಗೆ ಸಂಬಂಧಿಸಿದ ಸಮಸ್ಯೆಗಳು ಇದರ ಮಿತಿಗಳಾಗಿವೆ.

ಹಿನ್ನೆಲೆ

ನರ್ಸ್‌ಗಳ ಕೊರತೆ ಇರುವ ಆಸ್ಪತ್ರೆಗಳು ಮಾನವ ಸಂಪನ್ಮೂಲ ಸಂಸ್ಥೆಗಳ ಮೂಲಕ ತಾತ್ಕಾಲಿಕ ನರ್ಸ್‌ಗಳನ್ನು ನೇಮಿಸಿಕೊಳ್ಳುತ್ತವೆ. ಇಂತಹ ಗುತ್ತಿಗೆಯ ಸಾಮಾನ್ಯ ಅವಧಿ 13 ವಾರಗಳು, ಅಂದರೆ ವರ್ಷದ ಕಾಲುಭಾಗ. ಬಹುತೇಕ ಗುತ್ತಿಗೆಗಳಲ್ಲಿ ವಾರಕ್ಕೆ 12 ಗಂಟೆಗಳ ಮೂರು ಪಾಳಿಗಳಿರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 1999ರಲ್ಲಿ ಅಂಗೀಕಾರವಾಗಿ 2004ರಿಂದ ಜಾರಿಗೆ ಬಂದ ನಿಯಮಗಳು ಪ್ರತಿ ನರ್ಸ್‌ಗೆ ಇಷ್ಟೇ ರೋಗಿಗಳು ಎಂಬ ಮಿತಿಯನ್ನು ವಿಧಿಸಿವೆ. ಉದಾಹರಣೆಗೆ, ತೀವ್ರ ನಿಗಾ ಘಟಕದಲ್ಲಿ ಒಬ್ಬ ನರ್ಸ್ ಇಬ್ಬರಿಗಿಂತ ಹೆಚ್ಚು ರೋಗಿಗಳನ್ನು ನೋಡಿಕೊಳ್ಳುವಂತಿಲ್ಲ. ಸಿಬ್ಬಂದಿ ಕಡಿಮೆಯಾದಾಗ ಇಂತಹ ನಿಯಮವನ್ನು ಪಾಲಿಸಲು ಆಸ್ಪತ್ರೆಗಳಿಗೆ ತಾತ್ಕಾಲಿಕ ನರ್ಸ್‌ಗಳು ಅಗತ್ಯವಾಗುತ್ತಾರೆ.

2020ರಲ್ಲಿ ಕೋವಿಡ್-19 ಸಾಂಕ್ರಾಮಿಕ ಹರಡಿದಾಗ ಸಂಚಾರಿ ನರ್ಸ್‌ಗಳ ಬೇಡಿಕೆ ಮತ್ತು ವೇತನ ತೀವ್ರವಾಗಿ ಏರಿದವು. ಅದೇ ಅವಧಿಯಲ್ಲಿ, ಮನೆಯವರಿಗೆ ಸೋಂಕು ತಗುಲದಿರಲಿ ಎಂದು ಅನೇಕ ಆರೋಗ್ಯ ಕಾರ್ಯಕರ್ತರು ಎರವಲು ಪಡೆದ ಮನೆಗಾಡಿಗಳಲ್ಲಿ ಪ್ರತ್ಯೇಕವಾಗಿ ಉಳಿದರು. ಮುಂದಿನ ವರ್ಷಗಳಲ್ಲಿ ಸಂಚಾರಿ ನರ್ಸ್‌ಗಳ ವೇತನ ಇಳಿಯಿತು.

ವಾಹನ ಮತ್ತು ಸಲಕರಣೆ

ಫೋರ್ಡ್ ಟ್ರಾನ್ಸಿಟ್, ಮರ್ಸಿಡಿಸ್-ಬೆಂಜ್ ಸ್ಪ್ರಿಂಟರ್ ಮತ್ತು ರ‍್ಯಾಮ್ ಪ್ರೊಮಾಸ್ಟರ್ ಎಂಬ ಸರಕು ಸಾಗಣೆ ವ್ಯಾನ್‌ಗಳು ಮಾರ್ಪಾಡಿಗೆ ಹೆಚ್ಚಾಗಿ ಬಳಕೆಯಾಗುತ್ತವೆ. ಇವುಗಳ ಎತ್ತರದ ಛಾವಣಿಯ ಮಾದರಿಗಳಲ್ಲಿ ಒಳಗೆ ನಿಂತು ಓಡಾಡಬಹುದು. ಗೋಡೆಗಳಿಗೆ ಶಾಖ ನಿರೋಧಕ ಪದರ, ಹಾಸಿಗೆ, ನೀರಿನ ತೊಟ್ಟಿ, ಸಣ್ಣ ಶೀತಕಪೆಟ್ಟಿಗೆ, ಒಯ್ಯಬಹುದಾದ ಶೌಚಪೆಟ್ಟಿಗೆ ಮತ್ತು ಛಾವಣಿಯ ಮೇಲೆ ಸೌರಫಲಕ ಸಾಮಾನ್ಯ ಸಲಕರಣೆಗಳು. ಸ್ನಾನಕ್ಕೆ ವ್ಯಾಯಾಮ ಶಾಲೆಯ ಸದಸ್ಯತ್ವ ಅಥವಾ ಆಸ್ಪತ್ರೆಯ ಸಿಬ್ಬಂದಿ ಸ್ನಾನಗೃಹವನ್ನು ಅವಲಂಬಿಸುವುದುಂಟು.

ವಿದ್ಯುತ್ ಸಂಗ್ರಹಕ್ಕೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಬಳಕೆಯಲ್ಲಿದೆ. 12 ವೋಲ್ಟ್, 100 ಆಂಪಿಯರ್-ಗಂಟೆ ಸಾಮರ್ಥ್ಯದ ಒಂದು ಬ್ಯಾಟರಿಯಲ್ಲಿ ಸುಮಾರು 1,200 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. 30 ವ್ಯಾಟ್‌ನ ಫ್ಯಾನ್ ಇದರಿಂದ ಒಂದೂವರೆ ದಿನಕ್ಕೂ ಹೆಚ್ಚು ಕಾಲ ತಿರುಗಬಲ್ಲದು. ಆದರೆ 600 ವ್ಯಾಟ್ ಎಳೆಯುವ ಹವಾನಿಯಂತ್ರಕ ಎರಡು ಗಂಟೆಯಲ್ಲಿ ಅದನ್ನು ಬರಿದು ಮಾಡುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ತಂಪು ಪ್ರದೇಶದ, ಚಳಿಗಾಲದಲ್ಲಿ ಬೆಚ್ಚನೆಯ ಪ್ರದೇಶದ ಗುತ್ತಿಗೆಯನ್ನು ಆರಿಸಿಕೊಳ್ಳುವುದು ಅನುಕೂಲಕರ.

ಭತ್ಯೆ ಮತ್ತು ತೆರಿಗೆ

ಸಂಚಾರಿ ನರ್ಸ್‌ನ ಗಳಿಕೆಯಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ: ಗಂಟೆಯ ಲೆಕ್ಕದ ತೆರಿಗೆಗೊಳಪಡುವ ವೇತನ, ಹಾಗೂ ವಸತಿ ಮತ್ತು ಊಟದ ಭತ್ಯೆ. ಭತ್ಯೆಗೆ ತೆರಿಗೆ ವಿನಾಯಿತಿ ದೊರೆಯಬೇಕಾದರೆ ಆ ವ್ಯಕ್ತಿಗೆ ಬೇರೊಂದೆಡೆ 'ತೆರಿಗೆ ನೆಲೆ' ಇರಬೇಕು ಮತ್ತು ಒಂದು ಸ್ಥಳದ ಕೆಲಸ ಒಂದು ವರ್ಷವನ್ನು ಮೀರುವಂತೆ ನಿಗದಿಯಾಗಿರಬಾರದು.

ಅಮೆರಿಕದ ಒಕ್ಕೂಟ ತೆರಿಗೆ ಇಲಾಖೆಯಾದ ಇಂಟರ್ನಲ್ ರೆವಿನ್ಯೂ ಸರ್ವಿಸ್, ಒಂದೇ ಊರಿನಲ್ಲಿ ಸ್ಥಿರ ಕೆಲಸವಿಲ್ಲದವರ ವಿಷಯದಲ್ಲಿ ಮೂರು ಅಂಶಗಳನ್ನು ಪರಿಶೀಲಿಸುತ್ತದೆ: ಮೂಲ ನಿವಾಸದ ಪ್ರದೇಶದಲ್ಲಿ ಸ್ವಲ್ಪವಾದರೂ ಕೆಲಸ ಮಾಡಿರುವುದು, ಹೊರಗಿರುವಾಗಲೂ ಆ ಮನೆಯ ಖರ್ಚನ್ನು ಭರಿಸುತ್ತಿರುವುದು, ಮತ್ತು ಆ ಪ್ರದೇಶದೊಂದಿಗಿನ ಸಂಬಂಧವನ್ನು ಕಡಿದುಕೊಳ್ಳದಿರುವುದು. ಇವುಗಳಲ್ಲಿ ಒಂದೇ ಅಂಶ ಪೂರೈಸಿದವರನ್ನು ಅಲೆಮಾರಿ ಕೆಲಸಗಾರರೆಂದು ಪರಿಗಣಿಸಲಾಗುತ್ತದೆ. ಅವರು ಕೆಲಸ ಮಾಡುವ ಸ್ಥಳವೇ ಅವರ ತೆರಿಗೆ ನೆಲೆಯಾಗುತ್ತದೆ.

ವ್ಯಾನ್ ವಾಸಿಗಳಿಗೆ ಇದು ಅತ್ಯಂತ ನಿರ್ಣಾಯಕ ಅಂಶ. ಮನೆಯನ್ನು ಪೂರ್ತಿ ಬಿಟ್ಟು ವ್ಯಾನನ್ನೇ ಏಕೈಕ ನಿವಾಸ ಮಾಡಿಕೊಂಡವರ ಭತ್ಯೆ ತೆರಿಗೆಗೆ ಒಳಪಡುತ್ತದೆ. ಅಂಚೆ ಸ್ವೀಕರಿಸಲು ಮಾತ್ರ ಇಟ್ಟುಕೊಂಡ ವಿಳಾಸ ತೆರಿಗೆ ನೆಲೆಯಾಗುವುದಿಲ್ಲ. ಬೇರೆಡೆ ಮನೆಯ ಖರ್ಚು ಭರಿಸುತ್ತಾ ಗುತ್ತಿಗೆಯ ಅವಧಿಯಲ್ಲಿ ಮಾತ್ರ ವ್ಯಾನಿನಲ್ಲಿ ಉಳಿಯುವವರ ಸ್ಥಿತಿ ಇದಕ್ಕಿಂತ ಭಿನ್ನ.

ಪರವಾನಗಿ

ಅಮೆರಿಕದಲ್ಲಿ ನರ್ಸಿಂಗ್ ಪರವಾನಗಿಯನ್ನು ರಾಜ್ಯಗಳು ನೀಡುತ್ತವೆ. ನೋಂದಾಯಿತ ನರ್ಸ್ ಆಗಲು ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ವಿದೇಶಿ ಅಭ್ಯರ್ಥಿಗಳಿಗಾಗಿ ಇರುವ ಪರೀಕ್ಷಾ ಕೇಂದ್ರಗಳಲ್ಲಿ ಬೆಂಗಳೂರು ಕೂಡ ಒಂದು. ನರ್ಸ್ ಪರವಾನಗಿ ಒಪ್ಪಂದದ ಅನ್ವಯ ಒಂದು ಸದಸ್ಯ ರಾಜ್ಯದ ಬಹುರಾಜ್ಯ ಪರವಾನಗಿ ಇತರ ಸದಸ್ಯ ರಾಜ್ಯಗಳಲ್ಲೂ ಮಾನ್ಯ. ಈ ಒಪ್ಪಂದದ ಪರಿಷ್ಕೃತ ರೂಪ 2018ರ ಜನವರಿಯಲ್ಲಿ ಜಾರಿಗೆ ಬಂದಿತು. ಕ್ಯಾಲಿಫೋರ್ನಿಯಾ ಇದಕ್ಕೆ ಸೇರಿಲ್ಲವಾದ್ದರಿಂದ ಅಲ್ಲಿ ಪ್ರತ್ಯೇಕ ಪರವಾನಗಿ ಬೇಕು.

ಬಹುರಾಜ್ಯ ಪರವಾನಗಿಯನ್ನು ಪ್ರಧಾನ ನಿವಾಸದ ರಾಜ್ಯವೇ ಕೊಡುತ್ತದೆ. ಚಾಲನಾ ಪರವಾನಗಿ, ಮತದಾರರ ನೋಂದಣಿ, ಆದಾಯ ತೆರಿಗೆ ವಿವರ ಮುಂತಾದ ದಾಖಲೆಗಳು ನಿವಾಸಕ್ಕೆ ಪುರಾವೆಯಾಗುತ್ತವೆ. ಹೀಗಾಗಿ ಕಾನೂನುಬದ್ಧ ಸ್ಥಿರ ನಿವಾಸವಿಲ್ಲದ ನರ್ಸ್‌ಗೆ ತೆರಿಗೆಯಷ್ಟೇ ಅಲ್ಲದೆ ಪರವಾನಗಿಯೂ ತೊಡಕಾಗಬಹುದು.

ನಿಲುಗಡೆ ಮತ್ತು ಕಾನೂನು

ಕೆಲವು ಆಸ್ಪತ್ರೆಗಳು ತಮ್ಮ ನಿಲುಗಡೆ ಆವರಣದಲ್ಲಿ ತಂಗಲು ಅನುಮತಿ ನೀಡುತ್ತವೆ, ಕೆಲವು ನಿಷೇಧಿಸುತ್ತವೆ. ಶುಲ್ಕದ ಶಿಬಿರ ತಾಣಗಳಲ್ಲಿ ವಿದ್ಯುತ್ ಮತ್ತು ನೀರಿನ ಸೌಲಭ್ಯ ದೊರೆಯುತ್ತದೆ. ಒಕ್ಕೂಟ ಸರ್ಕಾರದ ಭೂ ನಿರ್ವಹಣಾ ಇಲಾಖೆಯ ಬಯಲು ಜಾಗಗಳಲ್ಲಿ ಸಾಮಾನ್ಯವಾಗಿ 28 ದಿನಗಳ ಅವಧಿಯಲ್ಲಿ 14 ದಿನ ಮಾತ್ರ ತಂಗಬಹುದಾಗಿರುವುದರಿಂದ, 13 ವಾರಗಳ ಗುತ್ತಿಗೆಗೆ ಒಂದೇ ಜಾಗ ಸಾಲದು.

ನಗರಗಳ ನಿಯಮಗಳು ಒಂದೇ ರೀತಿಯಲ್ಲಿಲ್ಲ. ವಾಹನದಲ್ಲಿ ವಾಸಿಸುವುದನ್ನು ನಿಷೇಧಿಸಿದ್ದ ಲಾಸ್ ಏಂಜಲೀಸ್ ನಗರದ ನಿಯಮವನ್ನು ಅಸ್ಪಷ್ಟವಾಗಿದೆ ಎಂಬ ಕಾರಣಕ್ಕೆ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ 2014ರಲ್ಲಿ ರದ್ದುಪಡಿಸಿತು. 2024ರ ಜೂನ್‌ನಲ್ಲಿ ಗ್ರಾಂಟ್ಸ್ ಪಾಸ್ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಸಾರ್ವಜನಿಕ ಸ್ಥಳಗಳಲ್ಲಿ ತಂಗುವುದನ್ನು ದಂಡನೀಯಗೊಳಿಸುವುದು ಸಂವಿಧಾನ ನಿಷೇಧಿಸಿರುವ ಕ್ರೂರ ಶಿಕ್ಷೆ ಆಗುವುದಿಲ್ಲ ಎಂದು ತೀರ್ಪಿತ್ತಿತು.

ಆರೋಗ್ಯ ಮತ್ತು ಸುರಕ್ಷತೆ

ರಾತ್ರಿ ಪಾಳಿಯವರು ಹಗಲಿನಲ್ಲಿ ನಿದ್ರಿಸಬೇಕಾಗುತ್ತದೆ. ಬಿಸಿಲಿನಲ್ಲಿ ನಿಂತ ಮುಚ್ಚಿದ ವಾಹನದ ಒಳಗೆ ಉಷ್ಣತೆ ಬೇಗ ಏರುವುದರಿಂದ ಮತ್ತು ಸಂಚಾರದ ಸದ್ದು ಇರುವುದರಿಂದ ನಿದ್ರೆ ಕೆಡುತ್ತದೆ. ನಿದ್ರಾಹೀನ ನರ್ಸ್‌ನಿಂದ ಔಷಧ ನೀಡಿಕೆಯಲ್ಲಿ ತಪ್ಪಾಗುವ ಸಂಭವ ಹೆಚ್ಚುವುದರಿಂದ ಇದು ರೋಗಿಯ ಸುರಕ್ಷತೆಯ ಪ್ರಶ್ನೆಯೂ ಹೌದು. ಕಿಟಕಿಗಳಿಗೆ ಬೆಳಕು ತಡೆಯುವ ಹೊದಿಕೆ, ಛಾವಣಿಯ ಫ್ಯಾನ್, ನೆರಳಿನ ನಿಲುಗಡೆ ಇದಕ್ಕೆ ಭಾಗಶಃ ಪರಿಹಾರಗಳು.

ಇಂಧನ ಉರಿಸುವ ಒಲೆ ಮತ್ತು ಹೀಟರ್‌ಗಳಿಂದ ಕಾರ್ಬನ್ ಮಾನಾಕ್ಸೈಡ್ ಸಂಗ್ರಹವಾಗುವ ಅಪಾಯವಿದೆ. ಈ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದಿರುವುದರಿಂದ ಎಚ್ಚರಿಕೆ ಗಂಟೆ ಅಳವಡಿಸುವುದು ಅಗತ್ಯ.

ಅನುಕೂಲ ಮತ್ತು ಮಿತಿಗಳು

ಗುತ್ತಿಗೆ ಅವಧಿಗೆ ಮುನ್ನವೇ ರದ್ದಾದರೆ ಮನೆ ಬಾಡಿಗೆ ಕರಾರಿನ ನಷ್ಟ ವ್ಯಾನ್ ವಾಸಿಗೆ ತಟ್ಟುವುದಿಲ್ಲ. ಆದರೆ ವಾಹನ ಕೆಟ್ಟು ದುರಸ್ತಿಗೆ ಹೋದಾಗ ಸಾರಿಗೆ ಮತ್ತು ವಸತಿ ಎರಡೂ ಒಟ್ಟಿಗೆ ತಪ್ಪುತ್ತವೆ. ವಾಹನದ ಖರೀದಿ, ಮಾರ್ಪಾಡು, ವಿಮೆ ಮತ್ತು ಇಂಧನದ ವೆಚ್ಚವನ್ನು ಸೇರಿಸಿದರೆ ಒಂದೆರಡು ಗುತ್ತಿಗೆಗಳಷ್ಟೇ ಮಾಡುವವರಿಗೆ ಉಳಿತಾಯ ಖಚಿತವಲ್ಲ.