ಹಗುರ ವಿಮಾನದಲ್ಲಿ ಬ್ಯಾಟರಿ ಪ್ರವಾಹದ ಅಳತೆ: ದೋಷನಿರ್ಣಯದ ಕ್ರಮ

ಹಗುರ ವಿಮಾನದ ಅಮ್ಮೀಟರ್ ತೋರಿಸುವ ಸಂಖ್ಯೆಯನ್ನು ಬ್ಯಾಟರಿಯ ಸ್ಥಿತಿಯ ನೇರ ವರದಿಯೆಂದು ಓದುವ ರೂಢಿ ಚಾಲಕರಲ್ಲೂ ಕಲಿಕೆಯ ಹಂತದ ತಂತ್ರಜ್ಞರಲ್ಲೂ ಸಾಮಾನ್ಯವಾಗಿದ್ದು, ಚೆನ್ನಾಗಿಯೇ ಇರುವ ಬ್ಯಾಟರಿಯನ್ನೋ ಆಲ್ಟರ್ನೇಟರನ್ನೋ ಬಿಚ್ಚಿ ಬದಲಿಸುವ ವ್ಯರ್ಥ ಕೆಲಸಕ್ಕೆ ಈ ರೂಢಿಯೇ ಬಹುಮಟ್ಟಿಗೆ ಕಾರಣವಾಗುತ್ತದೆ. ಅಳತೆಯ ಸಾಧನ ಮಂಡಲದ ಯಾವ ತಂತಿಯ ಮೇಲೆ ಕುಳಿತಿದೆ, ಅದೇ ಕ್ಷಣದಲ್ಲಿ ವೋಲ್ಟೇಜ್ ಎಷ್ಟಿತ್ತು ಎಂಬ ಎರಡು ಸಂಗತಿಗಳು ತಿಳಿಯುವ ತನಕ ಪ್ರವಾಹದ ಅಂಕಿಗೆ ಸ್ವಂತ ಅರ್ಥವಿಲ್ಲ ಎಂಬುದು ಈ ಲೇಖನದ ವಾದ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ವಿನ್ಯಾಸಗೊಳಿಸಿದ ಎರಡು ಆಸನಗಳ ಹಂಸ ವಿಮಾನವನ್ನು ಇಲ್ಲಿ ಮುಖ್ಯ ನಿದರ್ಶನವಾಗಿ ಇಟ್ಟುಕೊಳ್ಳಲಾಗಿದೆ. 1993ರಲ್ಲಿ ಮೊದಲು ಹಾರಿದ ಈ ವಿಮಾನದ ಹಂಸ-3 ರೂಪಕ್ಕೆ 2000ದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮಾನ್ಯತೆ ದೊರೆಯಿತು.

ಅಮ್ಮೀಟರನ್ನು ಜೋಡಿಸುವ ಪದ್ಧತಿಗಳು ಮುಖ್ಯವಾಗಿ ಎರಡು. ಮೊದಲನೆಯದರಲ್ಲಿ ಸಾಧನವು ಬ್ಯಾಟರಿಗೂ ಬಸ್‌ಗೂ ನಡುವಿನ ತಂತಿಯಲ್ಲಿರುತ್ತದೆ; ಬಸ್ ಎಂದರೆ ರೇಡಿಯೊ, ದೀಪ, ಪಂಪು ಮೊದಲಾದ ಎಲ್ಲ ಉಪಕರಣಗಳಿಗೂ ವಿದ್ಯುತ್ ಹಂಚುವ ಲೋಹದ ಪಟ್ಟಿ. ಈ ಜೋಡಣೆಯಲ್ಲಿ ಸೊನ್ನೆ ಮಾಪಕದ ನಡುವೆ ಇದ್ದು, ಮುಳ್ಳು ಒಂದು ಕಡೆ ವಾಲಿದರೆ ಬ್ಯಾಟರಿ ಚಾರ್ಜ್ ಆಗುತ್ತಿದೆಯೆಂದೂ ಇನ್ನೊಂದು ಕಡೆ ವಾಲಿದರೆ ಖಾಲಿಯಾಗುತ್ತಿದೆಯೆಂದೂ ತಿಳಿಯಬೇಕು. ಜಯನಗರದ ಅಥವಾ ಬನಶಂಕರಿಯ ಮನೆಯೊಂದರ ಯುಪಿಎಸ್‌ನಲ್ಲಿ ಬೆಸ್ಕಾಂ ಕರೆಂಟು ಹೋದಾಗ ಬ್ಯಾಟರಿಯಿಂದ ಹೊರಕ್ಕೆ, ಬಂದಾಗ ಬ್ಯಾಟರಿಯ ಒಳಕ್ಕೆ ಹರಿಯುವ ಪ್ರವಾಹ ಇಂಥದೇ. ಎರಡನೆಯ ಪದ್ಧತಿಯಲ್ಲಿ ಸಾಧನವು ಆಲ್ಟರ್ನೇಟರಿನಿಂದ ಹೊರಡುವ ತಂತಿಯಲ್ಲಿದ್ದು, ಆಲ್ಟರ್ನೇಟರ್ ಹೊತ್ತಿರುವ ಒಟ್ಟು ಭಾರವನ್ನು ಮಾತ್ರ ತೋರಿಸುತ್ತದೆ. ಆಲ್ಟರ್ನೇಟರ್ ಕೆಟ್ಟು ಬ್ಯಾಟರಿಯೊಂದೇ ಇಡೀ ವಿಮಾನವನ್ನು ಪೋಷಿಸುತ್ತಿರುವಾಗ ಮೊದಲ ಪದ್ಧತಿಯ ಮಾಪಕ ಋಣ 15 ಆಂಪಿಯರ್ ತೋರಿಸಿದರೆ, ಎರಡನೆಯದು ಸೊನ್ನೆ ತೋರಿಸುತ್ತದೆ. ಮೊದಲ ಪದ್ಧತಿಗೆ ಒಗ್ಗಿದ ಕಣ್ಣಿಗೆ ಆ ಸೊನ್ನೆ, ಬ್ಯಾಟರಿ ಪೂರ್ತಿ ತುಂಬಿದೆ ಎಂಬ ಸಮಾಧಾನದ ಸುದ್ದಿಯಂತೆ ಕಾಣಬಹುದಾದ್ದರಿಂದ, ಈ ವ್ಯತ್ಯಾಸವನ್ನು ಅರಿಯದ ಓದು ಅಪಾಯಕಾರಿ.

ಅಳತೆಯ ಒಳಗುಟ್ಟನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗುತ್ತದೆ, ಏಕೆಂದರೆ ಹುಸಿ ಅಂಕಿಗಳ ಮೂಲ ಹಲವು ವೇಳೆ ಇಲ್ಲಿಯೇ ಇರುತ್ತದೆ. ಶಂಟ್ ಎಂಬುದು ಅತ್ಯಲ್ಪ ರೋಧವುಳ್ಳ ಲೋಹದ ತುಂಡು. ಪ್ರವಾಹವೆಲ್ಲ ಅದರ ಮೂಲಕ ಹರಿಯುತ್ತದೆ, ಮೀಟರ್ ಅದರ ಎರಡು ತುದಿಗಳ ನಡುವಿನ ವೋಲ್ಟೇಜನ್ನಷ್ಟೇ ಅಳೆಯುತ್ತದೆ. 60 ಆಂಪಿಯರ್‌ಗೆ 50 ಮಿಲಿವೋಲ್ಟ್ ಕೊಡುವ ಶಂಟ್ ಒಂದನ್ನು ತೆಗೆದುಕೊಂಡರೆ, ಓಮನ ನಿಯಮದಂತೆ ಅದರ ರೋಧ ಸುಮಾರು 0.83 ಮಿಲಿಓಮ್ ಆಗುತ್ತದೆ. 10 ಆಂಪಿಯರ್ ಹರಿದಾಗ ಮೀಟರಿಗೆ ಸಿಗುವುದು 8.3 ಮಿಲಿವೋಲ್ಟ್ ಮಾತ್ರ. ಅಂದಮೇಲೆ ಎಲ್ಲಿಂದಲೋ ನುಸುಳಿದ ಒಂದೇ ಒಂದು ಮಿಲಿವೋಲ್ಟ್ ಮಾಪಕದಲ್ಲಿ 1.2 ಆಂಪಿಯರ್ ತಪ್ಪಾಗಿ ಕಾಣಿಸಿಕೊಳ್ಳುತ್ತದೆ. ಮೀಟರಿನ ತಂತಿಗಳನ್ನು ಶಂಟಿನ ಸಣ್ಣ ಸ್ಕ್ರೂಗಳಿಗೆ ಬಿಗಿಯುವ ಬದಲು ದಪ್ಪ ಕೇಬಲಿನ ಬೋಲ್ಟ್‌ಗೆ ಸೇರಿಸಿದರೆ ಆ ಕೂಡುಗೆಯ ರೋಧವೂ ಅಳತೆಯೊಳಗೆ ಬಂದು, ಅಂಕಿ ನಿಜಕ್ಕಿಂತ ಹೆಚ್ಚಾಗುತ್ತದೆ. ಶಂಟಿನ ಬದಲು ತಂತಿಯ ಸುತ್ತಲಿನ ಕಾಂತಕ್ಷೇತ್ರವನ್ನು ಅಳೆಯುವ ಹಾಲ್ ಸಂವೇದಕವನ್ನೂ ಬಳಸುವುದುಂಟು. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮವನ್ನು ಆಧರಿಸಿದ ಈ ಸಂವೇದಕದಲ್ಲಿ ಕೂಡುಗೆಯ ತೊಂದರೆಯಿಲ್ಲ. ಆದರೆ ಪ್ರವಾಹವೇ ಇಲ್ಲದಾಗಲೂ ಸಣ್ಣದೊಂದು ಅಂಕಿ ಉಳಿದುಕೊಳ್ಳುವ ಸೊನ್ನೆ ದೋಷ ಅದರ ದೌರ್ಬಲ್ಯ.

ಹಂಸದಂತಹ ವಿಮಾನದಲ್ಲಿ ಇದಕ್ಕೆ ಮತ್ತೊಂದು ತೊಡಕು ಸೇರುತ್ತದೆ. ಸೆಸ್ನಾ 172ರಂತಹ ಅಲ್ಯುಮಿನಿಯಂ ವಿಮಾನದಲ್ಲಿ ಮೈಯ ಲೋಹವೇ ಪ್ರವಾಹ ಬ್ಯಾಟರಿಗೆ ಮರಳುವ ದಾರಿ. ಹಂಸದ ಒಡಲು ಗಾಜಿನ ನಾರು ಮತ್ತು ರಾಳದ ಸಂಯುಕ್ತದ್ದು. ಅದರಲ್ಲಿ ವಿದ್ಯುತ್ ಹರಿಯದಾದ್ದರಿಂದ ಮರಳುವ ದಾರಿಗೂ ತಂತಿಗಳನ್ನೇ ಎಳೆಯಬೇಕು. ಹಲವು ಉಪಕರಣಗಳು ಒಂದೇ ಮರಳು ತಂತಿಯನ್ನು ಹಂಚಿಕೊಂಡರೆ, ಒಂದರ ಪ್ರವಾಹ ಇನ್ನೊಂದರ ಆಧಾರ ವೋಲ್ಟೇಜನ್ನು ಕದಲಿಸುತ್ತದೆ. ರೇಡಿಯೊದ ಪ್ರಸಾರದ ಗುಂಡಿಯನ್ನು ಒತ್ತಿದಾಗ ಅಥವಾ ಮಿನುಗುದೀಪ ಹೊಳೆದಾಗಲೆಲ್ಲ ಬ್ಯಾಟರಿ ಪ್ರವಾಹದ ಅಂಕಿ ಆ ಉಪಕರಣದ ಬಳಕೆಯನ್ನು ಮೀರಿ ಜಿಗಿದರೆ, ಮೊದಲು ಸಂಶಯಿಸಬೇಕಾದದ್ದು ಈ ಮರಳು ತಂತಿಯ ಕೂಡುಗೆಗಳನ್ನು. ಪ್ರಸಾರದ ರೇಡಿಯೊ ಅಲೆಗಳೇ ಮೀಟರಿನ ತಂತಿಗಳಿಗೆ ನುಗ್ಗುವ ಸಾಧ್ಯತೆಯನ್ನು ಅನಂತರ ಪರಿಶೀಲಿಸಬಹುದು.

ಆದ್ದರಿಂದ ದೋಷನಿರ್ಣಯ ಮೀಟರಿನ ಪರೀಕ್ಷೆಯಿಂದಲೇ ಶುರುವಾಗುವುದು ಉಚಿತ, ಮತ್ತು ಅದಕ್ಕೆ ಎಂಜಿನ್ ಚಾಲೂ ಮಾಡುವ ಅಗತ್ಯವಿಲ್ಲ. ಮೀಟರಿಗೆ ವಿದ್ಯುತ್ ಇದ್ದು ಅಳೆಯುವ ತಂತಿಯಲ್ಲಿ ಪ್ರವಾಹವಿಲ್ಲದಾಗ ಅಂಕಿ ಸೊನ್ನೆಯಿರಬೇಕು. ಅನಂತರ ಮಾಸ್ಟರ್ ಸ್ವಿಚ್ ಹಾಕಿ, ಬಳಕೆ ಗೊತ್ತಿರುವ ಒಂದು ಭಾರವನ್ನು ಸೇರಿಸಬೇಕು: 12 ವೋಲ್ಟ್ ವ್ಯವಸ್ಥೆಯಲ್ಲಿ 100 ವ್ಯಾಟಿನ ಲ್ಯಾಂಡಿಂಗ್ ದೀಪ ಸುಮಾರು 8 ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ತಂತಿಯ ಮಾಪಕ ಆಗ ಋಣ ದಿಕ್ಕಿನಲ್ಲಿ ಅಷ್ಟೇ ಬದಲಾಗಬೇಕು. ಧನ 8 ತೋರಿಸಿದರೆ ಶಂಟಿನ ಎರಡು ತಂತಿಗಳು ಅದಲುಬದಲಾಗಿವೆ ಅಥವಾ ಹಾಲ್ ಸಂವೇದಕವನ್ನು ತಿರುಗುಮುರುಗಾಗಿ ತೊಡಿಸಲಾಗಿದೆ. ಏನೂ ಬದಲಾಗದಿದ್ದರೆ ಆ ಮೀಟರ್ ಆಲ್ಟರ್ನೇಟರ್ ತಂತಿಯಲ್ಲಿರಬಹುದು, ಇಲ್ಲವೇ ಶಂಟಿನ ಬಳಿಯ ಸಣ್ಣ ಫ್ಯೂಸ್ ಹೋಗಿರಬಹುದು. ಕೆಲವೇ ನಿಮಿಷಗಳ ಈ ಪರೀಕ್ಷೆಯನ್ನು ಬಿಟ್ಟು ಬಿಡಿಭಾಗಗಳನ್ನು ಬದಲಿಸಲು ಹೊರಡುವುದನ್ನು ಯಾವ ಕಾರಣದಿಂದಲೂ ಸಮರ್ಥಿಸಲಾಗದು.

ಮೀಟರ್ ನಂಬಲರ್ಹವೆಂದು ಖಚಿತವಾದ ಬಳಿಕ ಪ್ರವಾಹವನ್ನು ವೋಲ್ಟೇಜಿನ ಜೊತೆಗಿಟ್ಟು ಓದಬೇಕು. ಆರು ಕೋಶಗಳ ಸೀಸ-ಆಮ್ಲ ಬ್ಯಾಟರಿ ಪೂರ್ತಿ ತುಂಬಿ ವಿರಮಿಸಿದಾಗ ಸುಮಾರು 12.6 ವೋಲ್ಟ್ ಇರುತ್ತದೆ. ಚಾರ್ಜ್ ಆಗಬೇಕಾದರೆ ಬಸ್‌ನ ವೋಲ್ಟೇಜ್ 14ರ ಆಸುಪಾಸಿನಲ್ಲಿರಬೇಕು. ಎಂಜಿನ್ ಚಾಲೂ ಆದ ಕೂಡಲೇ ಚಾರ್ಜಿಂಗ್ ಪ್ರವಾಹ ಬಹಳ ಹೆಚ್ಚಿರುವುದು ಸಹಜ, ಏಕೆಂದರೆ ಸ್ಟಾರ್ಟರ್ ಖರ್ಚು ಮಾಡಿದ್ದನ್ನು ಬ್ಯಾಟರಿ ಮರಳಿ ಪಡೆಯುತ್ತಿರುತ್ತದೆ. ಅರ್ಧ ಗಂಟೆಯ ಹಾರಾಟದ ನಂತರ ಮುಳ್ಳು ತನ್ನ ಎರಡರಷ್ಟು ಅಗಲಕ್ಕಿಂತ ಕಡಿಮೆ ಚಾರ್ಜ್ ತೋರಿಸಬೇಕೆಂದು ಸೆಸ್ನಾ 172ರ ಕೈಪಿಡಿ ಹೇಳುತ್ತದೆ. ಹಾಗಾಗದೆ ಪ್ರವಾಹ ಹೆಚ್ಚಾಗಿಯೇ ಉಳಿದು, ವೋಲ್ಟೇಜ್ ಮಾತ್ರ ಸರಿಯಾಗಿದ್ದರೆ ಅಥವಾ ತುಸು ಕುಗ್ಗಿದ್ದರೆ ದೋಷ ಬ್ಯಾಟರಿಯದು, ಬಹುಶಃ ಒಂದು ಕೋಶ ಒಳಗೇ ಶಾರ್ಟ್ ಆಗಿದೆ. ವೋಲ್ಟೇಜ್ 15 ದಾಟಿದ್ದರೆ ಬ್ಯಾಟರಿ ನಿರಪರಾಧಿ, ನೋಡಬೇಕಾದದ್ದು ರೆಗ್ಯುಲೇಟರನ್ನು. ರೆಗ್ಯುಲೇಟರ್ ಬಸ್‌ನ ವೋಲ್ಟೇಜನ್ನು ಒಂದು ತಂತಿಯ ಮೂಲಕ ಗಮನಿಸುತ್ತದೆ. ಹಳೆಯ ಸ್ವಿಚ್ಚಿನ ಸವೆದ ಸಂಪರ್ಕದಲ್ಲಿ ಅರ್ಧ ವೋಲ್ಟ್ ಕಳೆದುಹೋದರೆ ಅದು ಬಸ್ ಕುಗ್ಗಿದೆಯೆಂದು ತಿಳಿದು ಅಷ್ಟನ್ನೇ ಹೆಚ್ಚಿಸುತ್ತದೆ, ಆ ಸಂಪರ್ಕ ಅಸ್ಥಿರವಾಗಿದ್ದರೆ ಮುಳ್ಳು ಎಡಬಿಡದೆ ತೂಗಾಡುತ್ತದೆ.

ಸೆಸ್ನಾದಲ್ಲಿ ಕಲಿತ ಕ್ರಮವನ್ನು ಹಾಗೆಯೇ ಹಂಸಕ್ಕೆ ಅನ್ವಯಿಸಲೂ ಆಗದು. ಹಂಸ-3ರ ರೋಟಾಕ್ಸ್ 914 ಎಂಜಿನ್‌ನೊಳಗೆ ಅಡಕವಾಗಿರುವ ಜನರೇಟರ್ ಶಾಶ್ವತ ಕಾಂತದ್ದು. ಅದಕ್ಕೆ ಬೆಲ್ಟ್, ಬ್ರಷ್, ಕ್ಷೇತ್ರ ಸುರುಳಿ ಯಾವುವೂ ಇಲ್ಲವಾದ್ದರಿಂದ ಚಾರ್ಜಿಂಗ್ ನಿಂತಾಗ ದೃಷ್ಟಿ ಮೊದಲು ರೆಗ್ಯುಲೇಟರ್, ಅದರ ನಿಯಂತ್ರಣ ತಂತಿ ಮತ್ತು ಬಿಸಿಯಾಗಿ ಕಪ್ಪಿಟ್ಟ ಕನೆಕ್ಟರುಗಳ ಕಡೆ ಹೋಗಬೇಕು. ಆ ಜನರೇಟರಿನ ಸಾಮರ್ಥ್ಯ ಸುಮಾರು 250 ವ್ಯಾಟ್, ಅಂದರೆ 18 ಆಂಪಿಯರ್‌ನಷ್ಟು. ಎಂಜಿನ್ ನಿಧಾನವಾಗಿ ತಿರುಗುವಾಗ ಅಷ್ಟೂ ಸಿಗದು. ನೆಲದ ಮೇಲೆ ದೀಪಗಳನ್ನು ಹಾಕಿಕೊಂಡು ನಿಂತಿರುವಾಗ ಅಂಕಿ ಋಣಕ್ಕಿಳಿದು, ವೇಗ ಏರಿಸಿದೊಡನೆ ಧನವಾದರೆ ಅದು ದೋಷವಲ್ಲ. ವೇಗ ಏರಿದರೂ ಋಣವಾಗಿಯೇ ಉಳಿದರೆ ವಿಷಯ ಗಂಭೀರ: 914ಕ್ಕೆ ಇಂಧನ ಒದಗಿಸುವುದು ವಿದ್ಯುತ್ ಪಂಪುಗಳೇ. 2021ರಲ್ಲಿ ಮೊದಲ ಬಾರಿಗೆ ಹಾರಿದ ಹಂಸ-ಎನ್‌ಜಿಯ ರೋಟಾಕ್ಸ್ 912 ಐಎಸ್ ಎಂಜಿನ್‌ನಲ್ಲಿ ಇಂಧನ ಸಿಂಪಡಣೆಯೂ ಕಿಡಿಯೂ ವಿದ್ಯುನ್ಮಾನ ನಿಯಂತ್ರಣದಲ್ಲಿರುವುದರಿಂದ ಈ ಅವಲಂಬನೆ ಇನ್ನೂ ಆಳವಾಗಿದೆ.

ವಿಮಾನದ ಮೇಲಿನ ದುರಸ್ತಿ ಪರವಾನಗಿ ಪಡೆದ ನಿರ್ವಹಣಾ ಎಂಜಿನಿಯರರ ಕೆಲಸ. ಅದರ ತರ್ಕವನ್ನು ಕಲಿಯಲು ಮಾತ್ರ ದಕ್ಷಿಣ ಬೆಂಗಳೂರಿನ ವಿದ್ಯಾರ್ಥಿಗಳು ನಗರವನ್ನು ಉದ್ದಕ್ಕೂ ದಾಟಿ ಜಕ್ಕೂರಿನ ವಿಮಾನನಿಲ್ದಾಣದವರೆಗೆ ಹೋಗಬೇಕಾಗಿಲ್ಲ, ಜೆ.ಪಿ. ನಗರದ ಅಥವಾ ಬನಶಂಕರಿಯ ಯಾವುದೇ ಕಾಲೇಜಿನ ಪ್ರಯೋಗಾಲಯದ ಮೇಜಿನ ಮೇಲೆ 12 ವೋಲ್ಟ್ ಬ್ಯಾಟರಿ, ಫ್ಯೂಸ್, ಶಂಟ್, ವಾಹನದ ದೀಪ ಮತ್ತು ಮಿಲಿವೋಲ್ಟ್ ಅಳೆಯುವ ಮಲ್ಟಿಮೀಟರ್ ಇದ್ದರೆ ಮೇಲಿನ ಹುಸಿ ಅಂಕಿಗಳಲ್ಲಿ ಹೆಚ್ಚಿನವನ್ನು ಸೃಷ್ಟಿಸಿ ನೋಡಬಹುದು. ಅಂಥ ಅಭ್ಯಾಸದಲ್ಲಿ ಆಂಪಿಯರ್‌ನ ಅಂಕಿಯೊಂದನ್ನೇ ಬರೆದಿಡದೆ, ಅದೇ ಸಾಲಿನಲ್ಲಿ ವೋಲ್ಟೇಜ್, ಚಾಲೂ ಇದ್ದ ಭಾರಗಳು ಮತ್ತು ಶಂಟಿನ ಸ್ಥಾನವನ್ನೂ ದಾಖಲಿಸಬೇಕು. ವಿಮಾನದ ದೋಷ ದಾಖಲೆಯಲ್ಲಾದರೆ ಇವುಗಳ ಜೊತೆಗೆ ಎಂಜಿನ್ ವೇಗವನ್ನೂ ಎಂಜಿನ್ ಚಾಲೂ ಆಗಿ ಕಳೆದ ಸಮಯವನ್ನೂ ಸೇರಿಸಬೇಕು.