ತೋಪಿಗೆ ಗುಂಡು ತುಂಬಿದವರು

ವಿಜಾಪುರ ಸೀಮೆಯ ಗೊಳಸಂಗಿ ನನ್ನ ಊರು. ಎರೆಮಣ್ಣಿನ ನೆಲ. ಬಿಳಿಜೋಳದ ಬಿತ್ತನೆಯ ದಿನ ಬಂತೆಂದರೆ ನನ್ನ ಕಾಕಾ ಕೂರಿಗೆಯ ಕೊಳವೆಗಳನ್ನು ಒಂದೊಂದಾಗಿ ಊದಿ, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಕೊಳವೆಯಲ್ಲಿ ಒಂದು ಹರಳು ಸಿಕ್ಕಿಕೊಂಡರೂ ಆ ಸಾಲು ಉದ್ದಕ್ಕೂ ಬರಿದು. ಉಳಿದ ರೈತರು ಒಮ್ಮೆ ನೋಡಿದರೆ ಕಾಕಾ ಮೂರು ಸಲ ನೋಡುತ್ತಿದ್ದರು. ಅವರು ವಾಯುಪಡೆಯಲ್ಲಿ ಆರ್ಮರರ್ ಆಗಿದ್ದವರು. ಎಂದರೆ ಯುದ್ಧವಿಮಾನದ ತೋಪುಗಳನ್ನು ಬಿಚ್ಚಿ, ಒರೆಸಿ, ಜೋಡಿಸಿ, ಗುಂಡು ತುಂಬುವ ಕಾಯಕದವರು.

ನಮ್ಮ ದೇಶದಲ್ಲಿ ಈ ಕಾಯಕದ ಚರಿತ್ರೆ ಹಳೆಯದು. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ಭಾರತೀಯ ವಾಯುಪಡೆಯ ಮೊದಲ ತುಕಡಿ ರೂಪುಗೊಂಡಾಗ ಬೆರಳೆಣಿಕೆಯ ಅಧಿಕಾರಿಗಳೊಡನೆ 19 ಮಂದಿ ನೆಲದ ಕೆಲಸಗಾರರಿದ್ದರು. ಅವರನ್ನು ‘ಹವಾಯಿ ಸಿಪಾಯಿ’ಗಳೆಂದು ಕರೆದರು. ಹಾರದವರಿಗೆ ಹವೆಯ ಹೆಸರು!

ಈ ಕೆಲಸದ ಸೂಕ್ಷ್ಮವನ್ನು ತುಸು ವಿವರಿಸಬೇಕು. ಎರಡನೆಯ ಮಹಾಯುದ್ಧದ ಆರಂಭಕಾಲದ ಹರಿಕೇನ್ ವಿಮಾನದ ರೆಕ್ಕೆಗಳಲ್ಲಿ ಎಂಟು ಬ್ರೌನಿಂಗ್ ಮಶಿನ್‌ಗನ್ನುಗಳಿದ್ದವು. ಒಂದೊಂದೂ ನಿಮಿಷಕ್ಕೆ ಸುಮಾರು 1,150 ಗುಂಡು ಉಗುಳುವಂಥದು. ಆದರೆ ಒಂದೊಂದಕ್ಕೂ ತುಂಬುತ್ತಿದ್ದುದು ಮುನ್ನೂರು ಚಿಲ್ಲರೆ ಗುಂಡುಗಳನ್ನು ಮಾತ್ರ. ಲೆಕ್ಕ ಹಾಕಿದರೆ ವೈಮಾನಿಕನ ಕೈಯಲ್ಲಿದ್ದುದು ಸುಮಾರು 17 ಸೆಕೆಂಡುಗಳ ಯುದ್ಧ. ಅಷ್ಟಕ್ಕಾಗಿ ನೆಲದ ಮೇಲೆ ಗಂಟೆಗಟ್ಟಲೆ ದುಡಿಮೆ. ಪಟ್ಟಿಯಲ್ಲಿ ಒಂದು ಕಾಡತೂಸು ಕೂದಲೆಳೆಯಷ್ಟು ಹೊರಚಾಚಿದರೂ ಗನ್ನು ನಿಂತುಹೋಗುತ್ತಿತ್ತು. ಎಣ್ಣೆ ಹೆಚ್ಚಾದರೆ ಮೇಲಿನ ಚಳಿಗೆ ಹೆಪ್ಪುಗಟ್ಟುತ್ತಿತ್ತು, ಕಡಿಮೆಯಾದರೆ ತುಕ್ಕು. ವಿಮಾನದ ಬಾಲವನ್ನು ಎತ್ತಿ ನಿಲ್ಲಿಸಿ, ಎಂಟೂ ನಳಿಗೆಗಳ ಗುರಿ 250 ಗಜಗಳ ಆಚೆ ಕೂಡುವಂತೆ ಹೊಂದಿಸಬೇಕಿತ್ತು. ಕೊನೆಗೆ ಧೂಳು, ತೇವ ಒಳಹೋಗದಂತೆ ರೆಕ್ಕೆಯ ಅಂಚಿನಲ್ಲಿ ನಳಿಗೆಯ ಬಾಯಿಗಳಿಗೆ ಬಟ್ಟೆಯ ತುಂಡು ಅಂಟಿಸುತ್ತಿದ್ದರು. ವಿಮಾನ ಮರಳಿದಾಗ ಆ ಬಟ್ಟೆ ಹರಿದಿದ್ದರೆ, ವೈಮಾನಿಕ ಬಾಯಿ ಬಿಡುವ ಮೊದಲೇ ನೆಲದವರಿಗೆ ಸಂಗತಿ ತಿಳಿಯುತ್ತಿತ್ತು.

1944ರಲ್ಲಿ ಜಪಾನೀಯರು ಇಂಫಾಲವನ್ನು ಮುತ್ತಿದಾಗ ನಮ್ಮ ಒಂದನೆಯ ಸ್ಕ್ವಾಡ್ರನ್ ಹರಿಕೇನ್‌ಗಳೊಡನೆ ಅಲ್ಲಿತ್ತು. ದಾರಿ ಕಡಿದುಹೋಗಿತ್ತು, ಮದ್ದುಗುಂಡು, ಅಕ್ಕಿ, ಔಷಧ ಎಲ್ಲವೂ ವಿಮಾನದಲ್ಲೇ ಬರಬೇಕು. ಮೇಲೆ ಮಳೆಗಾಲ, ಕೆಳಗೆ ಕೆಸರು. ಆ ಸ್ಕ್ವಾಡ್ರನ್ನಿನ ನಾಯಕ ಅರ್ಜನ್ ಸಿಂಗರಿಗೆ ಮೌಂಟ್‌ಬ್ಯಾಟನ್ನರು ಇಂಫಾಲದಲ್ಲೇ ಪದಕ ತೊಡಿಸಿದರು. ಯೋಗ್ಯ ಗೌರವ. ಅದೇ ಅರ್ಜನ್ ಸಿಂಗರು 1965ರ ಯುದ್ಧದಲ್ಲಿ ವಾಯುಪಡೆಯ ಮುಖ್ಯಸ್ಥರಾಗಿದ್ದರು.

ಆ 1965ರಲ್ಲಿ ನಮ್ಮ ಗ್ನಾಟ್ ವಿಮಾನಗಳ ತೋಪುಗಳು ಹಾರಾಟದ ನಡುವೆ ಸಿಕ್ಕಿಕೊಂಡು ನಿಲ್ಲುತ್ತಿದ್ದ ತೊಂದರೆಯನ್ನು ಯುದ್ಧದ ಕಥನಗಳಲ್ಲಿ ಓದುತ್ತೇವೆ. ಓದುವಾಗ ಅದು ಒಂದು ವಾಕ್ಯ. ಕಾಕಾ ತಮ್ಮ ಸೇವೆಯ ಬಗ್ಗೆ ಒಂದೇ ಒಂದು ಸಲ ಬಿಚ್ಚಿ ಮಾತಾಡಿದರು. ಯಾವ ನೆಲೆ, ಯಾವ ವಿಮಾನ ಎಂಬುದನ್ನು ಹೇಳಲಿಲ್ಲ. “ಕೂರಿಗಿ ಕೊಳವಿ ಕಟ್ಟಿದ್ದು ಬೆಳಿ ಎದ್ದ ಮ್ಯಾಲ ಗೊತ್ತಾಗ್ತದ, ತಮ್ಮಾ. ತೋಪಿಂದು ಹಂಗಲ್ಲ. ಮ್ಯಾಲ ಹೋದ ಮ್ಯಾಲ ಗೊತ್ತಾಗ್ತದ, ಅದೂ ನಮಗಲ್ಲ, ಹಾರಿಸಾವಗ. ಒಂದ ದಿನ ಕಟ್ತು. ಪಟ್ಟಿ ನಾನ ಜೋಡಿಸಿದ್ದೆ. ಅಂವ ಉಳಕೊಂಡು ಬಂದ. ಇಳದು ನನ್ನ ಮಾರಿ ನೋಡಿದ, ಒಂದ ಮಾತ ಬೈಲಿಲ್ಲ. ಬೈದಿದ್ದರ ನನಗ ನಿದ್ದಿ ಬರ್ತಿತ್ತು.” ತಪ್ಪು ತೋಪಿನದೋ, ಪಟ್ಟಿಯದೋ, ತಮ್ಮ ಕೈಯದೋ ಎಂಬುದು ಅವರಿಗೆ ಕೊನೆಗೂ ತಿಳಿಯಲಿಲ್ಲ.

ಅದೇ ಯುದ್ಧದ ಸೆಪ್ಟೆಂಬರ್ 7ರಂದು ಅದೇ ಒಂದನೆಯ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಂಜಾಬಿನ ಆದಂಪುರದಿಂದ ಸರ್ಗೋಧಾದ ಮೇಲೆ ದಾಳಿಗೆ ಹೊರಟವು. ಕೊಡಗಿನ ಅಜ್ಜಮಾಡ ದೇವಯ್ಯನವರ ವಿಮಾನ ಆ ದಿನ ಬದಲಿ ವಿಮಾನ ಮಾತ್ರ, ಆದರೂ ಹೋದರು. ಶಬ್ದಕ್ಕಿಂತ ಇಮ್ಮಡಿ ವೇಗದ ಸ್ಟಾರ್‌ಫೈಟರ್ ಅವರನ್ನು ತಡೆಯಿತು. ಮಿಸ್ಟೇರ್ ಅದರ ಮುಂದೆ ನಿಧಾನದ್ದು. ಇದ್ದುದು ಎರಡು 30 ಮಿಲಿಮೀಟರ್ ತೋಪು. ಆ ತೋಪುಗಳು ಸಿಡಿದವು, ಸ್ಟಾರ್‌ಫೈಟರ್ ಬಿತ್ತು, ದೇವಯ್ಯನವರೂ ಮರಳಲಿಲ್ಲ. ಇಲ್ಲಿ ಯಾರಿಗೂ ಈ ಸಂಗತಿ ತಿಳಿದಿರಲಿಲ್ಲ. ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರ ಗ್ರಂಥ 1979ರಲ್ಲಿ ಹೊರಬಂದ ಮೇಲೆ, ಪ್ಯಾರಾಚೂಟಿನಿಂದ ಬದುಕಿದ ಎದುರಾಳಿ ವೈಮಾನಿಕನ ಅನುಭವದ ಮೂಲಕ ಇದು ಬೆಳಕಿಗೆ ಬಂತು. 1988ರಲ್ಲಿ, ಇಪ್ಪತ್ಮೂರು ವರ್ಷಗಳ ಮೇಲೆ, ಮರಣೋತ್ತರ ಮಹಾವೀರ ಚಕ್ರ.

ನಮ್ಮ ಶಾಸನಗಳಲ್ಲಿ ದಾನಿಯ, ವೀರನ ಹೊಗಳಿಕೆಯೆಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ಕಲ್ಲು ಕಡೆದ ರೂವಾರಿಯ ಹೆಸರು ಎಷ್ಟೋ ಕಡೆ ಸಿಗುತ್ತದೆ. ವಿಮಾನಕ್ಕೂ ಅಂಥದೊಂದು ಸಾಲಿತ್ತು: ಫಾರಂ 700 ಎಂಬ ದಾಖಲೆ. ಕೆಲಸ ಮಾಡಿದವರು ಅದರಲ್ಲಿ ಸಹಿ ಹಾಕಿದ ಮೇಲೆಯೇ ವೈಮಾನಿಕ ಸಹಿ ಹಾಕಿ ವಿಮಾನ ಏರುತ್ತಿದ್ದ. ಚರಿತ್ರೆ ಬರೆದವರು ಕೆಳಗಿನ ಸಹಿಯನ್ನು ಓದಿದರು. ಅದರ ಮೇಲಿನವನ್ನು ಓದಿದ್ದನ್ನು ನಾನು ಕಂಡಿಲ್ಲ.

1988ರಲ್ಲಿ ಊರಿಗೆ ಹೋದಾಗ ದೇವಯ್ಯನವರ ಸುದ್ದಿಯಿದ್ದ ಪತ್ರಿಕೆಯನ್ನು ಕಾಕಾನಿಗೆ ಓದಿ ಹೇಳಿದೆ. ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿ ಕೇಳಿದರು.

“ಅವರ ತೋಪು ಕಟ್ಟಲಿಲ್ಲ ನೋಡು,” ಎಂದರು. ಸ್ವಲ್ಪ ತಡೆದು, “ತುಂಬಿದವ ಯಾರಂತ ಬರದಾರೇನು?” ಎಂದರು.

ಪತ್ರಿಕೆಯನ್ನು ಮಗುಚಿ ಮತ್ತೊಮ್ಮೆ ಓದಿದೆ. ಬರೆದಿರಲಿಲ್ಲ.